ಬೆಟ್ಟದ ದಾರಿಯಲ್ಲಿ ಟ್ರೈಲರ್ ಎಳೆಯಲು ಎಂಥ ವಾಹನ ಬೇಕು?

ಪ್ರಶ್ನೆ: ನಾವು ಅಮೆರಿಕದ ಡೆನ್ವರ್ ಬಳಿ ನೆಲೆಸಿರುವ ಕನ್ನಡಿಗರು, ಮನೆಯಲ್ಲಿ ನಾಲ್ವರಿದ್ದೇವೆ. ರಾಕಿ ಪರ್ವತಗಳಲ್ಲಿ ಸುತ್ತಾಡಲು ಟ್ರಾವೆಲ್ ಟ್ರೈಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ, ಒಳಗೆ ತಂಗಬಹುದಾದ ಗಾಡಿ) ಕೊಳ್ಳುವವರಿದ್ದೇವೆ. ಸಾಮಾನು ತುಂಬಿದರೆ ಅದು ಸುಮಾರು 7,000 ಪೌಂಡ್ ತೂಗುತ್ತದೆ. ನಾವು ನೋಡಿರುವ ಎಸ್‌ಯುವಿ 7,700 ಪೌಂಡ್ ಎಳೆಯಬಲ್ಲದಂತೆ. ಇದು ಸಾಕೇ?

ಉತ್ತರ: ಸಾಲದೆಂದೇ ನನ್ನ ಅಭಿಪ್ರಾಯ. ಜಾಹೀರಾತಿನ 7,700ಕ್ಕಿಂತ ಮೊದಲು ನೀವು ನೋಡಬೇಕಾದದ್ದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಹಳದಿ-ಬಿಳಿ ಚೀಟಿಯನ್ನು. ಜನ ಮತ್ತು ಸಾಮಾನು ಸೇರಿ ವಾಹನ ಎಷ್ಟು ಭಾರ ಹೊರಬಹುದು ಎಂಬ ಪೇಲೋಡ್ ಮಿತಿ ಅದರಲ್ಲಿರುತ್ತದೆ. ಟ್ರೈಲರ್ ತೂಕದ ಶೇ 10ರಿಂದ 15ರಷ್ಟು ಹಿಚ್, ಅಂದರೆ ಟ್ರೈಲರನ್ನು ವಾಹನಕ್ಕೆ ಜೋಡಿಸುವ ಕೊಂಡಿಯ ಮೇಲೆ ಬಿದ್ದು, ಈ ಪೇಲೋಡ್ ಲೆಕ್ಕಕ್ಕೇ ಸೇರುತ್ತದೆ. ಶೇ 13 ಎಂದುಕೊಂಡರೂ 910 ಪೌಂಡ್. ಹಿಚ್ ಸಲಕರಣೆಗೆ 90, ನಾಲ್ವರಿಗೆ 600 ಸೇರಿಸಿದರೆ 1,600 ಆಯಿತು. ಚೀಟಿಯಲ್ಲಿ 1,450 ಎಂದಿದ್ದರೆ, ಒಂದು ಚೀಲವನ್ನೂ ಇಡುವ ಮೊದಲೇ ಮಿತಿ ದಾಟಿದಂತೆ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಎಂಬ ಭಾರ ಹಂಚುವ ಕೊಂಡಿಯು ವಾಹನದ ಹಿಂದಿನ ಆಕ್ಸಲ್‌ನ (ಚಕ್ರಗಳ ಅಚ್ಚಿನ) ಭಾರವನ್ನು ಬೇರೆಡೆಗೆ ಹಂಚುತ್ತದೆಯೇ ಹೊರತು ಪೇಲೋಡ್ ಮಿತಿಯನ್ನು ಹೆಚ್ಚಿಸುವುದಿಲ್ಲ.

ಇನ್ನು ಎತ್ತರದ ಮಾತು. ಎಳೆಯುವ ಸಾಮರ್ಥ್ಯ ನಿಗದಿಪಡಿಸುವ ಎಸ್‌ಎಇ (ವಾಹನ ಎಂಜಿನಿಯರ್‌ಗಳ ಸಂಸ್ಥೆ) ರೂಪಿಸಿದ ಜೆ2807 ಮಾನದಂಡವು ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಆಧರಿಸಿದೆ. ವಾಹನದಲ್ಲಿ ತಲಾ 150 ಪೌಂಡ್ ತೂಕದ ಇಬ್ಬರಷ್ಟೇ ಇದ್ದಾರೆಂದು ಅದು ಲೆಕ್ಕ ಹಿಡಿಯುತ್ತದೆ. ಆ ಏರು ಸುಮಾರು 3,500 ಅಡಿಗೇ ಮುಗಿಯುತ್ತದೆ; ನೀವು ಐ-70 ಹೆದ್ದಾರಿಯಲ್ಲಿ ದಾಟಬೇಕಾದ ಐಸನ್‌ಹೋವರ್ ಸುರಂಗವಿರುವುದು 11,000 ಅಡಿಗೂ ಮೇಲೆ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಅಲ್ಲಿಗೆ ತಲುಪುವಾಗ ಮೂರನೇ ಒಂದು ಭಾಗದಷ್ಟು ಬಲ ಹೋಗಿರುತ್ತದೆ. ಟರ್ಬೊ ಎಂಜಿನ್ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಆದರೂ ಏರಿನಲ್ಲಿ ಶಕ್ತಿ ಸಾಲದಿದ್ದರೆ ಬಲಬದಿಯ ಲೇನ್‌ನಲ್ಲಿ ನಿಧಾನವಾಗಿ ಹೋಗಬಹುದು. ನನಗೆ ಹೆಚ್ಚು ಆತಂಕವಿರುವುದು ಇಳಿಜಾರಿನ ಬಗ್ಗೆ. ಸುರಂಗದಿಂದ ಸಿಲ್ವರ್‌ಥಾರ್ನ್ ಊರಿನವರೆಗೆ ರಸ್ತೆ ಶೇ 7ರವರೆಗಿನ ಇಳಿಜಾರಿನಲ್ಲಿ ಸುಮಾರು 2,000 ಅಡಿ ಇಳಿಯುತ್ತದೆ. ಬ್ರೇಕ್ ಹಿಡಿಯದ ಲಾರಿಗಳು ಹತ್ತಿ ನಿಲ್ಲಲೆಂದು ಅಲ್ಲಿ ಜಲ್ಲಿಕಲ್ಲಿನ ಪಕ್ಕದಾರಿಗಳನ್ನೇ ಮಾಡಿದ್ದಾರೆ. ಪೆಡಲ್ ಒತ್ತಿಯೇ ಇಳಿದರೆ ಬ್ರೇಕ್ ಕಾದು ಹಿಡಿತ ಸಡಿಲಗೊಳ್ಳುತ್ತದೆ. ಭಾರ ಎಳೆಯುವಾಗ ಗೇರ್ ಬದಲಾವಣೆಯನ್ನು ಹೊಂದಿಸುವ ಟೋ-ಹಾಲ್ ಮೋಡ್‌ನಲ್ಲಿ, ಕೆಳಗಿನ ಗೇರ್‌ನಲ್ಲಿ, ಎಂಜಿನ್ನೇ ವೇಗವನ್ನು ತಡೆಯುವಂತಿರಬೇಕು. ಈ ಕೆಲಸದಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆಯ ಹರಿವನ್ನು ತಡೆದು ಎಂಜಿನ್ ಮೂಲಕ ವೇಗ ತಗ್ಗಿಸುವ ವ್ಯವಸ್ಥೆ) ಇರುವ ಡೀಸೆಲ್ ಪಿಕಪ್‌ಗೆ ಸಾಟಿಯಿಲ್ಲ.

ಹೀಗಾಗಿ ಫೋರ್ಡ್ ಎಫ್-250 ಅಥವಾ ರ‍್ಯಾಮ್ 2500ರಂಥ ಮುಕ್ಕಾಲು ಟನ್ ವರ್ಗದ (ಸಾಮಾನ್ಯ ಪಿಕಪ್‌ಗಿಂತ ಹೆಚ್ಚು ಭಾರ ಹೊರುವ) ಪಿಕಪ್ಪನ್ನೇ ನಾನು ಶಿಫಾರಸು ಮಾಡುತ್ತೇನೆ. ಅದರ ಉದ್ದದ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಅಡ್ಡಗಾಳಿಯಲ್ಲಿ ಟ್ರೈಲರ್ ಓಲಾಡುವುದನ್ನೂ ಹತೋಟಿಯಲ್ಲಿಡುತ್ತದೆ. ಡೀಸೆಲ್ ಎಂಜಿನ್ ಭಾರವಾಗಿರುವುದರಿಂದ ಪೇಲೋಡ್ ತಗ್ಗುತ್ತದೆ, ಆದ್ದರಿಂದ ಅಲ್ಲಿಯೂ ಚೀಟಿ ನೋಡಿಯೇ ಕೊಳ್ಳಿ. ನಿತ್ಯದ ಓಡಾಟಕ್ಕೆ ಅಷ್ಟು ದೊಡ್ಡ ಗಾಡಿ ಬೇಡವೆನಿಸಿದರೆ ವಾಹನದಲ್ಲಿ ರಾಜಿಯಾಗುವ ಬದಲು 4,500 ಪೌಂಡ್ ಒಳಗಿನ ಟ್ರೈಲರ್ ಆರಿಸಿ. ಯಾವುದನ್ನೇ ಕೊಂಡರೂ ಟ್ರೈಲರ್‌ನ ಬ್ರೇಕನ್ನು ಚಾಲಕನ ಸೀಟಿನಿಂದಲೇ ನಿಯಂತ್ರಿಸುವ ಟ್ರೈಲರ್ ಬ್ರೇಕ್ ಕಂಟ್ರೋಲರ್ ಇರಲೇಬೇಕು, ಮತ್ತು ಮೊದಲ ಪ್ರವಾಸಕ್ಕೆ ಮುನ್ನ ಮನೆಮಂದಿಯೆಲ್ಲ ಕುಳಿತು, ಸಾಮಾನು ತುಂಬಿ, ಟ್ರಕ್ ಸ್ಟಾಪ್‌ನ ತೂಕದ ಸೇತುವೆಯ ಮೇಲೆ ಪ್ರತಿ ಆಕ್ಸಲ್‌ನ ಭಾರವನ್ನು ತೂಗಿಸಿ ನೋಡಿ.