ಕೂಸಿಗೆ ಮೊದಲೇ ಕುಲಾವಿ: ಅಳತೆಯನ್ನಾದರೂ ಹಿಡಿದು ನೋಡೋಣ

ಕಾರವಾರದ ಕೋಡಿಬಾಗದಿಂದ ಓದುಗರೊಬ್ಬರ ಪತ್ರ: "ಮಗನ ವಾಟ್ಸಾಪಿಗೆ ಒಂದು ಪಟ್ಟಿ ಬಂದಿದೆ. ಮುಂದಿನ ಪ್ಲೇಸ್ಟೇಷನ್‌ಗೆ 160 ಬಿಟ್ ಬಸ್, 32 ಜಿಬಿ ಜಿಡಿಡಿಆರ್7 ಮೆಮೊರಿ, 54 ಕಂಪ್ಯೂಟ್ ಯೂನಿಟ್, 3 ಗಿಗಾಹರ್ಟ್ಸ್, 41 ಟೆರಾಫ್ಲಾಪ್. ಮುಂದಿನ ಎಕ್ಸ್‌ಬಾಕ್ಸ್‌ಗೆ 192 ಬಿಟ್, 36 ಜಿಬಿ ಅಂತೆ. ಈಗ ಪಿಎಸ್5 ಬೇಡ, ಅದಕ್ಕೇ ಕಾಯೋಣ ಅನ್ನುತ್ತಾನೆ. ಯಾವುದು ಬಲವಾದದ್ದು? ಕಾಯಬೇಕೇ?"

ನಮಸ್ಕಾರ. ಪಟ್ಟಿ ಎಲ್ಲಿಂದ ಹೊರಟಿತೆಂದು ಹುಡುಕುತ್ತ ಕೂರುವುದು ಬೇಡ. ಅದರೊಳಗಿನ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಕಾಗದದ ಮೇಲೆ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಮೆಮೊರಿ. ಒಂದು ಜಿಡಿಡಿಆರ್ (ಗ್ರಾಫಿಕ್ಸ್‌ಗೆಂದೇ ಮಾಡಿದ ಮೆಮೊರಿ) ಚಿಪ್ 32 ಬಿಟ್ ಅಗಲದ ದಾರಿ ಕೇಳುತ್ತದೆ; ಮೆಮೊರಿಗೂ ಪ್ರೊಸೆಸರಿಗೂ ನಡುವಿನ ಈ ದಾರಿಗಳೆಲ್ಲ ಸೇರಿದ್ದೇ ಬಸ್. ಹಾಗಾಗಿ ಬಸ್ಸಿನ ಅಗಲವನ್ನು 32ರಿಂದ ಭಾಗಿಸಿದರೆ ಎಷ್ಟು ಚಿಪ್ ಎಂದು ಗೊತ್ತಾಗುತ್ತದೆ. ಪಿಎಸ್5ರದ್ದು 256 ಬಿಟ್: 8 ಚಿಪ್, ತಲಾ 2 ಜಿಬಿ, ಒಟ್ಟು 16. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದ್ದು 320 ಬಿಟ್, 10 ಚಿಪ್. ಅದರಲ್ಲಿ ಆರು 2 ಜಿಬಿಯವು, ನಾಲ್ಕು 1 ಜಿಬಿಯವು, ಅಲ್ಲಿಯೂ ಒಟ್ಟು 16. ಹೀಗೆ ಬೆರಕೆ ಮಾಡಿದ್ದಕ್ಕೆ ದಂಡ ತೆರಬೇಕಾಯಿತು: 10 ಜಿಬಿ ಸೆಕೆಂಡಿಗೆ 560 ಜಿಬಿ ವೇಗದಲ್ಲಿ ಓಡಿದರೆ ಉಳಿದ 6 ಜಿಬಿಗೆ 336 ಮಾತ್ರ.

ಈಗ ನಿಮ್ಮ ಪಟ್ಟಿ. 160 ಬಿಟ್ ಎಂದರೆ 5 ಚಿಪ್. ಒಂದೇ ದಾರಿಯನ್ನು ಎರಡು ಚಿಪ್ ಹಂಚಿಕೊಳ್ಳುವಂತೆ ಬೋರ್ಡಿನ ಎರಡೂ ಬದಿಗೆ ಜೋಡಿಯಾಗಿ ಕೂರಿಸಿದರೆ 10. ಇಂದು ತಯಾರಾಗುತ್ತಿರುವ ಜಿಡಿಡಿಆರ್7 ಚಿಪ್ಪುಗಳು 2 ಜಿಬಿ ಇಲ್ಲವೇ 3 ಜಿಬಿಯವು. ಹತ್ತನ್ನೂ 3 ಜಿಬಿಯವೇ ಹಾಕಿದರೂ 30ಕ್ಕೆ ನಿಲ್ಲುತ್ತದೆ. 32 ಎಲ್ಲಿಂದ ಬಂತು? 16, 32, 64 ಎಂಬ ಮಗ್ಗಿ ಬಾಯಿಗೆ ಬಂದವರಾರೋ ಸುಲಭಕ್ಕೆ ಬರೆದುಬಿಟ್ಟಿದ್ದಾರೆ. ಎಕ್ಸ್‌ಬಾಕ್ಸ್ ಸಾಲು ಕೂಡುತ್ತದೆ: 192 ಬಿಟ್, 6 ಜೋಡಿ, 12 ಚಿಪ್, 36 ಜಿಬಿ. ಲೆಕ್ಕ ಕೂಡಿತೆಂದ ಮಾತ್ರಕ್ಕೆ ಸುದ್ದಿ ನಿಜವಾಗುವುದಿಲ್ಲ, ಬರೆದವನಿಗೆ ಭಾಗಾಕಾರ ಬರುತ್ತದೆ ಎಂದಷ್ಟೇ ಅರ್ಥ.

ವೇಗವನ್ನೂ ಹೀಗೆಯೇ ತೆಗೆಯಬಹುದು. ಬಸ್ಸಿನ ಅಗಲವನ್ನು ಚಿಪ್ಪಿನ ಗಿಗಾಬಿಟ್ ವೇಗದಿಂದ ಗುಣಿಸಿ 8ರಿಂದ ಭಾಗಿಸಿ. ಪಿಎಸ್5: 256 × 14 ÷ 8 = 448. ಅದರ ಬಲವಾದ ಆವೃತ್ತಿ ಪಿಎಸ್5 ಪ್ರೊ: 256 × 18 ÷ 8 = 576. 160 ಬಿಟ್ ಜಿಡಿಡಿಆರ್7 ಅನ್ನು 32 ಗಿಗಾಬಿಟ್ಟಿನಲ್ಲಿ ಓಡಿಸಿದರೆ 640. ಬಸ್ ಕಿರಿದಾಯಿತಲ್ಲ ಎಂದು ಮಗ ಮುಖ ಸಣ್ಣ ಮಾಡಿಕೊಳ್ಳಬೇಕಾಗಿಲ್ಲ, ಒಟ್ಟು ಹರಿವು ಹೆಚ್ಚೇ ಇದೆ.

ಟೆರಾಫ್ಲಾಪಿನ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅಳತೆ) ಕತೆ ಬೇರೆ. ಕಂಪ್ಯೂಟ್ ಯೂನಿಟ್ (ಚಿಪ್ಪಿನೊಳಗೆ ಗ್ರಾಫಿಕ್ಸ್ ಲೆಕ್ಕ ಮಾಡುವ ಘಟಕ) ಸಂಖ್ಯೆ × 128 × ಗಿಗಾಹರ್ಟ್ಸ್, ಬಂದದ್ದನ್ನು 1000ದಿಂದ ಭಾಗಿಸುವುದು. ಪಿಎಸ್5ರ 36 ಯೂನಿಟ್, 2.23 ಗಿಗಾಹರ್ಟ್ಸ್‌ಗೆ 10.28; ಸೀರೀಸ್ ಎಕ್ಸ್‌ನ 52 ಯೂನಿಟ್, 1.825ಕ್ಕೆ 12.15. ನಿಮ್ಮ ಪಟ್ಟಿಯ 54 ಯೂನಿಟ್, 3 ಗಿಗಾಹರ್ಟ್ಸ್‌ಗೆ 20.7 ಬರಬೇಕು, ಅಲ್ಲಿ 41 ಇದೆ, ಹೆಚ್ಚುಕಡಿಮೆ ಸರಿಯಾಗಿ ಎರಡು ಪಟ್ಟು. ಈ ಕನ್ಸೋಲುಗಳಿಗೆ ಚಿಪ್ ಒದಗಿಸುವ ಎಎಂಡಿ ಕಂಪನಿಯ ಆರ್‌ಡಿಎನ್‌ಎ 3 ಎಂಬ ಗ್ರಾಫಿಕ್ಸ್ ವಿನ್ಯಾಸದಿಂದೀಚೆಗೆ ಒಂದೇ ಗಡಿಯಾರ ಮಿಡಿತದಲ್ಲಿ ಎರಡು ಲೆಕ್ಕ ಮಾಡುವ ಸೌಲಭ್ಯ ಬಂದಿದೆ; ಆಟಗಳಲ್ಲಿ ಅದು ಸದಾ ಒದಗುವುದಿಲ್ಲ, ಜಾಹೀರಾತಿನ ಅಂಕಿಯಲ್ಲಿ ಸದಾ ಒದಗುತ್ತದೆ. ಸಿಪ್ಪೆ ಸಮೇತ ತೂಗಿದ ಅಡಿಕೆಯಂತೆ. ಪಿಎಸ್5 ಪ್ರೊ ಬರುವ ಮುಂಚೆ 33.5 ಟೆರಾಫ್ಲಾಪ್ ಎಂದು ಸುದ್ದಿ ಹಬ್ಬಿತ್ತು. 2024ರ ನವೆಂಬರಿನಲ್ಲಿ ಬಂದ ಯಂತ್ರದ್ದು 16.7. ಇನ್ನು 10.28 ಮತ್ತು 12.15ರ ನಡುವಿನ ಅಂತರ ಟಿವಿ ಪರದೆಯ ಮೇಲೆ ಎಷ್ಟು ಕಂಡಿತು ಎಂದು ಆಡಿದವರನ್ನು ಕೇಳಿ. ಬಹುತೇಕ ಆಟಗಳಲ್ಲಿ ಗುರುತಿಸುವುದೇ ಕಷ್ಟ. ಆದ್ದರಿಂದ ಈ ಪಟ್ಟಿಯಿಂದ ಯಾವುದು ಬಲವಾದದ್ದು ಎಂದು ತೀರ್ಮಾನಿಸಲು ಬರುವುದಿಲ್ಲ.

ಪಟ್ಟಿಯಲ್ಲಿ ಯಾವುದು ಕೊನೆ ಗಳಿಗೆಯಲ್ಲಿ ಬದಲಾಗಬಹುದು ಎಂಬುದೂ ತಿಳಿದಿರಲಿ. ಚಿಪ್ಪಿನ ವಿನ್ಯಾಸ, ಬಸ್ಸಿನ ಅಗಲ ವರ್ಷಗಟ್ಟಲೆ ಮೊದಲೇ ಗಟ್ಟಿಯಾಗುತ್ತವೆ. ಅವನ್ನು ಆಮೇಲೆ ಮುಟ್ಟಲಾಗದು. ಗಡಿಯಾರದ ವೇಗ ಹಾಗಲ್ಲ. 2013ರಲ್ಲಿ ಮಾರಾಟಕ್ಕೆ ಕೆಲವೇ ತಿಂಗಳಿರುವಾಗ ಎಕ್ಸ್‌ಬಾಕ್ಸ್ ಒನ್‌ನ ಗ್ರಾಫಿಕ್ಸ್ 800ರಿಂದ 853 ಮೆಗಾಹರ್ಟ್ಸ್‌ಗೆ, ಪ್ರೊಸೆಸರ್ 1.6ರಿಂದ 1.75 ಗಿಗಾಹರ್ಟ್ಸ್‌ಗೆ ಏರಿದವು. ಮೆಮೊರಿಯ ಪ್ರಮಾಣವೂ ಹಾಗೆಯೇ. ಪಿಎಸ್4ಕ್ಕೆ 4 ಜಿಬಿ ಎಂದೇ ಎಲ್ಲರೂ ನಂಬಿದ್ದಾಗ 2013ರ ಫೆಬ್ರವರಿಯಲ್ಲಿ ಸೋನಿ 8 ಎಂದು ಘೋಷಿಸಿತು. ಬೋರ್ಡಿನ ಮೇಲೆ ಚಿಪ್ಪಿಗಿರುವ ಜಾಗ 16, ಅಲ್ಲೂ ಜೋಡಿಯಾಗಿಯೇ; ಬಸ್ 256 ಬಿಟ್. ಪ್ರತಿ ಜಾಗದಲ್ಲೂ ಎರಡು ಪಟ್ಟು ಹಿಡಿಯುವ ಚಿಪ್ ಕೂತರೆ 4 ಇದ್ದದ್ದು 8 ಆಗುತ್ತದೆ.

ಕಂಪನಿಗಳೇ ಬಾಯಿಬಿಟ್ಟು ಹೇಳಿದ್ದು ಬಹಳ ಕಡಿಮೆ. 2025ರ ಜೂನಿನಲ್ಲಿ ಮೈಕ್ರೋಸಾಫ್ಟ್, ಮುಂದಿನ ಎಕ್ಸ್‌ಬಾಕ್ಸ್‌ಗೂ ಎಎಂಡಿಯ ಚಿಪ್ಪೇ ಎಂದಿತು. ಅಕ್ಟೋಬರಿನಲ್ಲಿ ಸೋನಿಯ ಮಾರ್ಕ್ ಸರ್ನಿ ಮತ್ತು ಎಎಂಡಿಯ ಜ್ಯಾಕ್ ಹ್ಯುನ್ ಜೊತೆಯಾಗಿ ಮೂರು ಸಂಗತಿ ವಿವರಿಸಿದರು: ಬೆಳಕಿನ ಕಿರಣಗಳ ಲೆಕ್ಕಕ್ಕೇ ಮೀಸಲಾದ ರೇಡಿಯನ್ಸ್ ಕೋರ್, ಕಂಪ್ಯೂಟ್ ಯೂನಿಟ್‌ಗಳು ದತ್ತಾಂಶ ಹಂಚಿಕೊಂಡು ಒಟ್ಟಾಗಿ ದುಡಿಯುವ ನ್ಯೂರಲ್ ಅರೇ, ಮತ್ತು ಮೆಮೊರಿಗೆ ಹೋಗುವ ದತ್ತಾಂಶವನ್ನೆಲ್ಲ ಹಿಂಡಿ ಕಳಿಸುವ ಯುನಿವರ್ಸಲ್ ಕಂಪ್ರೆಶನ್. ಕಿರಿದಾದ ಬಸ್ಸಿನ ಸುದ್ದಿಯನ್ನು ನಗೆಯಾಡಿ ತಳ್ಳಿಹಾಕದಿರಲು ಈ ಮೂರನೆಯದೇ ಕಾರಣ. ಯಾವಾಗ ಎಂಬುದಕ್ಕೆ ಸರ್ನಿ ಹೇಳಿದ್ದು ಇನ್ನು ಕೆಲವು ವರ್ಷಗಳಲ್ಲಿ ಎಂದಷ್ಟೇ.

ಅಂದರೆ ಕಾಯುವುದು ಎಂದರೆ ಒಂದೆರಡು ಮಳೆಗಾಲವಾದರೂ. ಅಷ್ಟರಲ್ಲಿ ಈಗಿನವು ಅಗ್ಗವಾದಾವು ಎಂಬ ಹಳೆಯ ಲೆಕ್ಕ ಈ ಸಲ ತಪ್ಪಿದೆ: 2021ರ ಫೆಬ್ರವರಿಯಲ್ಲಿ ಭಾರತಕ್ಕೆ 49,990 ರೂಪಾಯಿಗೆ ಬಂದ ಡಿಸ್ಕ್ ಡ್ರೈವಿನ ಪಿಎಸ್5, 2022ರ ನವೆಂಬರಿನಲ್ಲಿ 54,990 ಆಯಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಗೆ ಅವುಗಳ ಬೆಲೆ ಜಿಗಿಯಿತು. 36 ಜಿಬಿಯ ಕನಸನ್ನು ಮೊದಲು ಕತ್ತರಿಸುವುದು ಈ ಬೆಲೆಯೇ. ಹೊಸದು ಬಿಡುಗಡೆಯಾದ ದಿನವೇ ಇಲ್ಲಿ ಸಿಕ್ಕೀತು ಎಂಬ ಭರವಸೆಯೂ ಇಲ್ಲ. ಪಿಎಸ್5 ಪ್ರೊ ಬಿಡುಗಡೆಯ ಹೊತ್ತಿಗೆ ಭಾರತಕ್ಕೆ ಬರಲಿಲ್ಲ, ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿಯೇ ಇರಲಿಲ್ಲ.

ಆದ್ದರಿಂದ ಮನೆಯಲ್ಲಿ ಈಗ ಯಾವ ಕನ್ಸೋಲೂ ಇಲ್ಲದಿದ್ದರೆ ಕಾಯಬೇಡಿ; ಪಿಎಸ್4 ಇದ್ದು ಮಗನಿಗೆ ಅದರಲ್ಲೇ ಆಡಲು ಆಟಗಳು ಉಳಿದಿದ್ದರೆ ಕಾಯಬಹುದು. ಕೊಳ್ಳುವುದಾದರೆ ಡಿಸ್ಕ್ ಡ್ರೈವ್ ಇರುವುದನ್ನೇ ಕೊಳ್ಳಿ. 100 ಜಿಬಿಯ ಆಟವನ್ನು 40 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಸಲು ಐದೂವರೆ ತಾಸು ಬೇಕು, ಅದೂ ಗಾಳಿಮಳೆಗೆ ಫೈಬರ್ ಹರಿಯದಿದ್ದರೆ. ಘಟ್ಟದ ಮೇಲೆ ಶಿರಸಿಯ ಹಳ್ಳಿಮನೆಗಳವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. ಡಿಸ್ಕಾದರೆ ಆಡಿ ಮುಗಿಸಿ ಮಾರಲೂ ಬರುತ್ತದೆ.

ಕೈಗಾ ಪಕ್ಕದಲ್ಲೇ ಇದ್ದರೂ ಜೂನಿನಲ್ಲಿ ಕಾರವಾರಕ್ಕೆ ಕರೆಂಟು ಹೋಗುವುದು ತಪ್ಪಿಲ್ಲ. ಆಟ ಇಳಿಯುತ್ತಿರುವಾಗ ಕರೆಂಟು ಹೋದರೆ ಬರೆಯುತ್ತಿದ್ದ ಕಡತ ಕೆಡಬಹುದು, ಮರಳಿ ಹಚ್ಚಿದಾಗ ಸ್ಟೋರೇಜ್ ದುರಸ್ತಿ ಎಂದು ಕಾಯಿಸಬಹುದು. ಪಿಎಸ್5 ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ದೊಡ್ಡ ಟಿವಿ ಇನ್ನೊಂದು 100. ಕಂಪ್ಯೂಟರ್ ಅಂಗಡಿಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟಿನ ಆಸುಪಾಸು, ಅಂಚಿನಲ್ಲೇ ನಿಲ್ಲುತ್ತದೆ. 1 ಕೆವಿಎಯದು, ಸೈನ್ ವೇವ್ (ಮನೆಯ ಕರೆಂಟಿನಂತೆಯೇ ನಯವಾದ ಅಲೆ) ಇರುವುದು ತೆಗೆದುಕೊಳ್ಳಿ. ಕಡಲಿಗೆ ಮುಖ ಮಾಡಿದ ಕಿಟಕಿಯ ಕೆಳಗೆ ಯಂತ್ರವನ್ನು ಇಡಬೇಡಿ. ಫ್ಯಾನು ಎಳೆಯುವ ಗಾಳಿಯ ಉಪ್ಪು ಒಳಗೆ ಕೂತು ತೇವ ಹಿಡಿದು ಎಚ್‌ಡಿಎಂಐ ಸಂಪರ್ಕಗಳಿಗೆ ಹಸಿರು ಕಿಲುಬು ತರುತ್ತದೆ. ಆರಿಸಿಟ್ಟಾಗ ಪ್ಲಾಸ್ಟಿಕ್ ಮುಚ್ಚಿದರೆ ತೇವ ಒಳಗೇ ನಿಲ್ಲುತ್ತದೆ, ತೆಳು ಹತ್ತಿಬಟ್ಟೆ ಸಾಕು. ಆಟ ಇಲ್ಲದಿದ್ದರೂ ಮಳೆಗಾಲದಲ್ಲಿ ವಾರಕ್ಕೆರಡು ಸಲ ಅರ್ಧ ತಾಸು ಹಚ್ಚಿಡಿ. ಈ ಕೆಲಸಕ್ಕೆ ಮಗ ಬೇಸರಪಡಲಾರ.

– ಸಂ.