ಸಿಂಗಳೀಕದ ಮೇಲೆ ಸಂಶೋಧನೆಗೆ ಫಾರೆಸ್ಟ್ರಿ ಪದವಿಯೇ ಬೇಕಾ?

ನಮಸ್ಕಾರ. ಮಗಳು ಪ್ರಾಣಿಶಾಸ್ತ್ರದ ಬಿಎಸ್ಸಿ ಮುಗಿಸುತ್ತಿದ್ದಾಳೆ, ಸಿಂಗಳೀಕದ (ಸಿಂಹದ ಬಾಲದ ಕೋತಿ) ಮೇಲೆ ಸಂಶೋಧನೆ ಮಾಡುವ ಆಸೆ, ಶಿರಸಿಯ ಅರಣ್ಯ ಕಾಲೇಜಿಗೆ ಹೊಸದಾಗಿ ಸೇರಿಸಬೇಕಾ ಎಂದು ಕೇಳಿದ್ದೀರಿ. ಬೇಡ. ಅಲ್ಲಿಯ ಬಿಎಸ್ಸಿ ಪಿಯುಸಿ ಆದವರಿಗೆ, ನಾಲ್ಕು ವರ್ಷದ್ದು. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಎರಡರಲ್ಲೂ ವನ್ಯಜೀವಿ ಎಂಎಸ್ಸಿ ಇದೆ. ಪ್ರವೇಶ ಪರೀಕ್ಷೆ ಇರುತ್ತದೆ, ಸೀಟು ತೀರಾ ಕಡಿಮೆ. ಸಿಗದಿದ್ದರೆ ಆ ವರ್ಷ ಯಾವುದಾದರೂ ಸಂಶೋಧನಾ ಯೋಜನೆಯಲ್ಲಿ ಸಹಾಯಕಿಯಾಗಿ ದುಡಿಯಲಿ, ಅದೂ ಲೆಕ್ಕಕ್ಕೆ ಬರುತ್ತದೆ.

ಈಗಿಂದಲೇ ಸಂಖ್ಯಾಶಾಸ್ತ್ರ ಕಲಿಯಲು ಹೇಳಿ. ಕಾಡು ಸುತ್ತುವುದಕ್ಕಿಂತ ಕಂಪ್ಯೂಟರಿನ ಮುಂದೆ ಕೂರುವುದೇ ಜಾಸ್ತಿ (ಫೋಟೋದಲ್ಲಿ ಅದು ಕಾಣುವುದಿಲ್ಲ ಬಿಡಿ). ಇನ್ನೊಂದು, ಮರಗಳ ಗುರುತು. ಸಿಂಗಳೀಕ ಮರದ ಮೇಲೇ ಬದುಕುವ, ಹೆಚ್ಚಾಗಿ ಹಣ್ಣು, ಹುಳ ತಿನ್ನುವ ಪ್ರಾಣಿ. ನಮ್ಮ ಕಡೆಯವರು ಕಾಡಿನಲ್ಲಿ ಕೊಯ್ಯುವ ಹುಳಿ ಹಣ್ಣು ಉಪ್ಪಾಗೆಯೂ ಅದರ ಊಟವೇ. ಯಾವ ಮರ ಯಾವಾಗ ಹಣ್ಣಾಗುತ್ತದೆಂದು ಉಪ್ಪಾಗೆ ಕೊಯ್ಯುವವರಿಗೆ ಗೊತ್ತಿರುತ್ತದೆ. ಹೊರಗಿನ ವಿದ್ಯಾರ್ಥಿಗೆ ಅವರ ಜೊತೆ ಮಾತು ಕುದುರಲು ತಿಂಗಳುಗಳೇ ಬೇಕು, ಈ ಕಡೆಯವಳೇ ಆದ ನಿಮ್ಮ ಮಗಳಿಗೆ ಬೇಡ. 2011ರಲ್ಲಿ ಘೋಷಣೆಯಾಗಿ, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಶಿರಸಿಗೆ ಹತ್ತಿರವೇ ಇದೆ. ಆದರೆ ಕಾಡಿನೊಳಗೆ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ದುಡ್ಡಿನ ಮಾತು: ಪಿಎಚ್‌ಡಿಗೆ ಸುಲಭವಾಗಿ ಐದಾರು ವರ್ಷ. ನೆಟ್ (ಎನ್‌ಇಟಿ) ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಕಾಯಂ ಹುದ್ದೆ ಮಾತ್ರ ತಡವಾಗಿ ಸಿಗುತ್ತದೆ. ಮದುವೆ ಮಾತೆತ್ತಿ ನಡುವೆ ಅವಸರ ಮಾಡಬೇಡಿ.