ನಿರಪರಾಧಿ, ಮುಗ್ಧ, ಪಾಪದವ, ಎಲ್ಲಾ ಒಂದೇನಾ?

ಒಂದೇ ಅಲ್ಲ. ಕೋರ್ಟಲ್ಲಿ ನಿರಪರಾಧಿ ಅಂದ್ರೆ ಆರೋಪ ಸಾಬೀತಾಗಿಲ್ಲ ಅಂತ, ಆಸಾಮಿ ಒಳ್ಳೆಯವನು ಅಂತ ಸರ್ಟಿಫಿಕೇಟ್ ಅಲ್ಲ. ಸಾಬೀತು ಮಾಡೋ ಭಾರ ಪ್ರಾಸಿಕ್ಯೂಷನ್, ಅಂದ್ರೆ ಆರೋಪ ಹೊರಿಸಿದ ಕಡೆಯವರ ಮೇಲೇ. ನಮ್ಮ ಶಿರಸಿ ಕಡೆ ಅಂಗಳದಲ್ಲಿ ಒಣ ಹಾಕಿದ ಅಡಿಕೆ ರಾತ್ರಿ ಕಳವಾಯ್ತು ಅನ್ಕೊಳ್ಳಿ, ಪಕ್ಕದೂರಿನ ಹುಡುಗನ ಬೈಕಲ್ಲಿ ಒಂದು ಚೀಲ ಸಿಕ್ತು, ಆದ್ರೆ ಅದು ಇದೇ ಅಂಗಳದ್ದು ಅಂತ ತೋರಿಸೋಕಾಗ್ಲಿಲ್ಲ (ಅಡಿಕೆ ಮೇಲೆ ಯಾರ ಹೆಸರೂ ಬರೆದಿರಲ್ಲ ನೋಡಿ), ಸಂಶಯದ ಲಾಭ ಕೊಟ್ಟು ಖುಲಾಸೆ. ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ಕೂತವ್ರು ಮಾತ್ರ ಹತ್ತು ವರ್ಷ ಆದ್ರೂ ಅವನನ್ನ ಖುಲಾಸೆ ಮಾಡಲ್ಲ, ಅವ ನಿಜಕ್ಕೂ ಕದ್ದಿರದೇ ಇದ್ರೂ.

ನೈತಿಕತೆ ಲೆಕ್ಕ ಬೇರೆ. ಕದಿಯೋದನ್ನ ಕಿಟಕಿಯಿಂದ ನೋಡಿ ಲೈಟ್ ಆರಿಸಿ ಮಲಗಿದ ಪಕ್ಕದಮನೆಯವ ಕಾನೂನಿಗೆ ಹೆಚ್ಚಂದ್ರೆ ಸಾಕ್ಷಿ, ಆದ್ರೆ ಅವನನ್ನ ನಿರ್ದೋಷಿ ಅನ್ನೋಕೆ ನಂಗಂತೂ ಬಾಯಿ ಬರಲ್ಲ.

ಮುಗ್ಧ ಅಂದ್ರೆ ತಿಳಿಯದವ. ಇಲ್ಲಿ ಕಾನೂನೂ ತಲೆ ಬಾಗಿಸತ್ತೆ: ಭಾರತೀಯ ನ್ಯಾಯ ಸಂಹಿತೆಯ 20ನೇ ಸೆಕ್ಷನ್ ಪ್ರಕಾರ 7 ವರ್ಷದೊಳಗಿನ ಮಗು ಮಾಡಿದ್ದು ಯಾವ್ದೂ ಅಪರಾಧ ಅಲ್ಲ, 21ನೇ ಸೆಕ್ಷನ್ ಪ್ರಕಾರ 7 ದಾಟಿ 12ರೊಳಗಿದ್ರೆ ತಾನು ಏನು ಮಾಡ್ತಿದೀನಿ ಅನ್ನೋ ತಿಳುವಳಿಕೆ ಅದಕ್ಕೆ ಇತ್ತಾ ಅಂತ ನೋಡ್ತಾರೆ.

ಇನ್ನು ದಿನಾ ಮಾತಲ್ಲಿ ನಾವು "ಅವ ಪಾಪ" ಅಂತೀವಲ್ಲ, ಮಜಾ ಅಂದ್ರೆ ತಪ್ಪಿಗೂ ಪಾಪ, ತಪ್ಪು ಮಾಡದವನಿಗೂ ಪಾಪ. ಅದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಕನಿಕರ. ಕಾರವಾರ ಮಾರ್ಕೆಟಲ್ಲಿ ಬಂಗಡೆಗೆ ಹೇಳಿದಷ್ಟೇ ರೇಟ್ ಕೊಟ್ಟು ಬರೋನೂ ಪಾಪದವನೇ.